ಮರಗಟ್ಟುವ ಕೈಗಳು

(ಇಳಕಲ್ಲಿನಲ್ಲಿ ಕಲ್ಲು ಕೆಲಸಗಾರರು, ಗೌಂಡಿಗಳು, ಗಿರಣಿ ಕಾರ್ಮಿಕರು ಮತ್ತು ಅಂಗಡಿಕಾರರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)

ಮಾತು ಸುರುಮಾಡುವ ಮೊದಲು ನಿಮಗೊಂದು ಕೆಲಸ ಹೇಳುತ್ತೇವೆ. ಕಿಸೆಯಿಂದ ಒಂದು ರೂಪಾಯಿಯ ನಾಣ್ಯ ತೆಗೆದು ನೆಲದ ಮೇಲಿಡಿರಿ. ಕಣ್ಣು ಮುಚ್ಚಿಕೊಂಡು, ಬರೀ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅದನ್ನು ಎತ್ತಿರಿ. ಅಂಗಡಿಕಾರರು ಕ್ಷಣದಲ್ಲಿ ಎತ್ತಿಬಿಟ್ಟಿರಿ. ಮಗ್ಗದವರೂ ಎತ್ತಿದಿರಿ. ಅಲ್ಲಿ ಹಿಂದಿನ ಸಾಲಿನಲ್ಲಿ ಖಣಿಯಿಂದ ಬಂದ ನಾಲ್ಕಾರು ಮಂದಿ ಇನ್ನೂ ನೆಲ ತಡಕುತ್ತಿದ್ದೀರಿ. ನಗಬೇಡಿರಿ, ಇದು ಹುಡುಗರ ಆಟವಲ್ಲ. ಇಂದಿನ ಭಾಷಣದ ವಿಷಯವೇ ಇದು.

ಕೆಲವು ತಿಂಗಳ ಹಿಂದೆ ಈ ಊರಿನ ಒಬ್ಬ ನೇಕಾರರ ಮನೆಗೆ ಹೋಗಿದ್ದೆವು. ಮನೆಯ ಹಿರಿಯ ಮಗ ಹನ್ನೆರಡು ವರ್ಷ ಕಲ್ಲಿನ ಖಣಿಯಲ್ಲಿ ಜಾಕ್‌ಹ್ಯಾಮರ್ ಹಿಡಿದು ತೂತು ಹೊಡೆದವನು. ಮಗ್ಗದಲ್ಲಿ ಹೊಟ್ಟೆ ತುಂಬುವದಿಲ್ಲವೆಂದು ಖಣಿಗೆ ಹೋದ; ಖಣಿಯಲ್ಲಿ ಕೈ ಸೋತವೆಂದು ಮಗ್ಗಕ್ಕೆ ಮರಳಿದ. ಇಳಕಲ್ ಸೀರೆಗೆ ಸೆರಗಿನ ಹಾಸನ್ನು ಮೈಹಾಸಿಗೆ ಕೂಡಿಸುವಾಗ ಒಂದೊಂದು ಎಳೆಗೂ ಕೊಂಡಿ ಹಾಕಬೇಕು. ಆ ಕೊಂಡಿಯಿಂದಲೇ ಈ ಸೀರೆಗೆ ಹೆಸರು, ಆ ಹೆಸರಿನಿಂದಲೇ ಈ ಪೇಟೆಗೆ ಗಿರಾಕಿ. ಎಳವೆಯಲ್ಲಿ ಕಣ್ಣು ಮುಚ್ಚಿ ಕೊಂಡಿ ಹಾಕುತ್ತಿದ್ದವನು ಈಗ ಎಳೆ ಎಲ್ಲಿದೆ ಎಂಬುದನ್ನೇ ಬೆರಳಿನಿಂದ ಅರಿಯಲಾರ. ನಮ್ಮನ್ನು ನೋಡಿ ಅಂದ: "ಮಾಸ್ತರ್ರ, ಕೈ ಐತ್ರಿ. ಹಿಡದದ್ದು ಗೊತ್ತಾಗೂದಿಲ್ರಿ."

ಅವನ ತಾಯಿ ದೃಷ್ಟಿ ತೆಗೆಸಿದ್ದಳು. ಒಬ್ಬರು ವಾತ ಎಂದು ಎಣ್ಣೆ ಕೊಟ್ಟಿದ್ದರು. ಇನ್ನೊಬ್ಬರು ನಿಶ್ಶಕ್ತಿ ಎಂದು ಸೂಜಿ ಹಾಕಿದ್ದರು. ಯಾವ ಯಂತ್ರ ಹಿಡಿಯುತ್ತೀ, ದಿನಕ್ಕೆ ಎಷ್ಟು ತಾಸು ಹಿಡಿಯುತ್ತೀ ಎಂದು ಒಬ್ಬರೂ ಕೇಳಿರಲಿಲ್ಲ.

ನಾವು ಡಾಕ್ಟರರಲ್ಲ, ಮ್ಯಾಟ್ರಿಕ್ಕಿನ ತನಕ ಕಲಿತು ಒಂಬತ್ತು ವರ್ಷ ಸಾಲಿಯಲ್ಲಿ ಮಾಸ್ತರಿಕೆ ಮಾಡಿದವರು. ಆದರೂ ಈ ರೋಗದ ಸಣ್ಣ ರುಚಿಯನ್ನು ನಮ್ಮ ಕೈಯೂ ಕಂಡಿದೆ. ನಮ್ಮ ಸಾಲಿಯ ಹಳೆಯ ನೆಲ ಒಡೆಯಲು ಬ್ರೇಕರ್ ಯಂತ್ರ ತಂದಿದ್ದರು. ಕೆಲಸದ ಹುಡುಗ ನೀರು ಕುಡಿಯಲು ಹೋದಾಗ ಇದೇನು ಮಹಾ ಎಂದು ನಾವೇ ಅದನ್ನು ಹಿಡಿದೆವು. ಹದಿನೈದು ಮಿನಿಟು ಹಿಡಿದಿರಬಹುದು. ಬಳಿಕ ವರ್ಗಕ್ಕೆ ಹೋಗಿ ಫಳ್ಯದ ಮೇಲೆ ಬರೆಯಹೋದರೆ ಸೀಮೆಸುಣ್ಣ ಕೈಯಲ್ಲಿ ಇದೆಯೋ ಬಿದ್ದಿತೋ ತಿಳಿಯಲೊಲ್ಲದು. ಒಂದನೆಯ ಇಯತ್ತೆಯ ಹುಡುಗನ ಅಕ್ಷರದಂತೆ ನಮ್ಮ ಅಕ್ಷರ ಸೊಟ್ಟಾದವು. ಮಕ್ಕಳು ನಕ್ಕರು, ನಾವೂ ನಕ್ಕೆವು. ಸಂಜೆಯ ಹೊತ್ತಿಗೆ ಕೈ ಸರಿಹೋಯಿತು. ನಮ್ಮದು ಹದಿನೈದು ಮಿನಿಟಿನ ಮಾತು. ಹನ್ನೆರಡು ವರ್ಷ ಹಿಡಿದವನ ಕೈ ಯಾವ ಸಂಜೆಗೆ ಸರಿಹೋಗಬೇಕು?

ಈಗ ರೋಗದ ಮಾತು. ಯಂತ್ರದ ಅದುರು ಹಿಡಿಕೆಯಿಂದ ಅಂಗೈಗೆ, ಅಂಗೈಯಿಂದ ತೋಳಿಗೆ ಏರುತ್ತದೆ. ನಿಮಿಷಕ್ಕೆ ಸಾವಿರಾರು ಸಲ ಬೀಳುವ ಈ ಸಣ್ಣ ಪೆಟ್ಟು ದಿನದಿನಕ್ಕೆ ಮೂರು ಕಡೆ ಕೆಡಕು ಮಾಡುತ್ತದೆ. ಬೆರಳಿನ ನೆತ್ತರ ನಾಳಗಳು ಚಳಿ ತಾಕಿದೊಡನೆ ಬಿಗಿಯುತ್ತವೆ. ಬೆರಳು ಬೆಳ್ಳಗಾಗಿ ಸತ್ತಂತಾಗುತ್ತದೆ, ನೆತ್ತರು ಮರಳುವಾಗ ಕೆಂಪೇರಿ ಚುಳಚುಳ ನೋಯುತ್ತದೆ. ಇದು ಒಂದು. ನರಗಳು ಕೆಡುತ್ತವೆ; ಜೋಮು ಹಿಡಿಯುತ್ತದೆ, ಬೆರಳು ಮರಗಟ್ಟುತ್ತವೆ, ಬಿಸಿ ತಣ್ಣಗೆ ತಿಳಿಯದಾಗುತ್ತದೆ. ಇದು ಎರಡು. ಸ್ನಾಯು ಮತ್ತು ಕೀಲು ಸೋಲುತ್ತವೆ. ಹಿಡಿತ ಸಡಿಲಾಗಿ ಚಹದ ಕಪ್ಪು ಜಾರುತ್ತದೆ, ಅಂಗಿಯ ಗುಂಡಿ ಹಾಕಲಾಗುವದಿಲ್ಲ. ಇದು ಮೂರು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿರಿ. ಚಳಿಯ ದೇಶಗಳಲ್ಲಿ ಬೆರಳು ಬೆಳ್ಳಗಾಗುವದು ಎದ್ದು ಕಾಣುತ್ತದೆ. ಅದಕ್ಕೇ ಅಲ್ಲಿ ಇದಕ್ಕೆ ಬಿಳಿಬೆರಳಿನ ರೋಗ ಎಂಬ ಹೆಸರು ಬಿದ್ದಿತು. ನಮ್ಮಂಥ ಬಿಸಿಲು ನಾಡಿನಲ್ಲಿ ಬೆರಳು ಬೆಳ್ಳಗಾಗುವದು ಕಡಿಮೆ. ಜೋಮು ಮತ್ತು ಮರಗಟ್ಟುವದೇ ಮುಂದೆ ಬರುತ್ತವೆ. ಆದ್ದರಿಂದ "ಬೆರಳು ಬೆಳ್ಳಗಾಗಿಲ್ಲ, ಹಾಗಾದರೆ ರೋಗವಿಲ್ಲ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ. ಹುನಗುಂದದ ಬಿಸಿಲು ರೋಗದ ಬಣ್ಣವನ್ನು ಮರೆಮಾಡೀತು, ರೋಗವನ್ನಲ್ಲ. ಮಾಗಿಯ ಮುಂಜಾನೆ ಮೋಟಾರಸೈಕಲ್ಲಿನ ಮೇಲೆ ಖಣಿಗೆ ಹೋಗುವಾಗ ಬೆರಳ ತುದಿ ಬಿಳುಪಾದದ್ದನ್ನು ಕಂಡವರು ನಿಮ್ಮಲ್ಲೇ ಇದ್ದೀರಿ.

ಈ ರೋಗ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1911ರಲ್ಲಿ ಇಟಲಿಯ ಲೊರಿಗಾ ಎಂಬ ವೈದ್ಯರು ಗಾಳಿಯಂತ್ರ ಹಿಡಿಯುವ ಕಲ್ಲುಕುಟಿಗರ ಕೈಯಲ್ಲಿ ಇದನ್ನು ಕಂಡು ಬರೆದರು. 1918ರಲ್ಲಿ ಅಮೇರಿಕೆಯ ಇಂಡಿಯಾನಾ ಪ್ರಾಂತದ ಬೆಡ್‌ಫರ್ಡ್ ಎಂಬಲ್ಲಿ ಸುಣ್ಣದಕಲ್ಲು ಕಡಿಯುವವರನ್ನು ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಪರೀಕ್ಷಿಸಿದರು. ಗಾಳಿಸುತ್ತಿಗೆ ಹಿಡಿದ ಬಲಗೈಗಿಂತ ಉಳಿ ಹಿಡಿದ ಎಡಗೈಯೇ ಹೆಚ್ಚು ಕೆಟ್ಟಿತ್ತು. ಅದುರು ಉಳಿಯಲ್ಲಿ ಇರುವದು, ಉಳಿಯನ್ನು ಎಡಗೈ ಬಿಗಿಹಿಡಿಯುವದು. ನಮ್ಮಲ್ಲಿ ಈಗಲೂ ತೂತು ಸುರುಮಾಡುವಾಗ ರಾಡು ಅತ್ತಿತ್ತ ಜಾರದಿರಲೆಂದು ಅದರ ಮೊನೆಯ ಬಳಿ ಕೈ ಹಿಡಿಯುವವರಿದ್ದೀರಿ. ನೂರು ವರ್ಷದ ಹಿಂದೆ ಬೆಡ್‌ಫರ್ಡಿನಲ್ಲಿ ಕಂಡ ತಪ್ಪನ್ನು ನಾವು ಇಂದು ಇಳಕಲ್ಲಿನಲ್ಲಿ ಮಾಡುತ್ತಿದ್ದೇವೆ.

1918ರಲ್ಲಿ ಗೊತ್ತಾದ ರೋಗ ಬ್ರಿಟನ್ನಿನಲ್ಲಿ ಪರಿಹಾರಕ್ಕೆ ಅರ್ಹವಾದ ಉದ್ಯೋಗ ರೋಗಗಳ ಪಟ್ಟಿಗೆ ಸೇರಿದ್ದು 1985ರಲ್ಲಿ. ನಡುವೆ ಅರವತ್ತೇಳು ವರ್ಷ! ಅಷ್ಟು ದಿನ ವಿಜ್ಞಾನ ಸುಮ್ಮನಿರಲಿಲ್ಲ. ಕೆಲಸಗಾರನ ಬೆರಳಿಗೆ ಬೆಲೆ ಕಟ್ಟುವ ಮನಸ್ಸು ಯಾರಿಗೂ ಇರಲಿಲ್ಲ. ಕಲ್ಲಿದ್ದಲ ಗಣಿಯವರು ಕೋರ್ಟಿನ ಮೆಟ್ಟಿಲೇರಿ 1998ರಲ್ಲಿ ಗೆದ್ದ ಬಳಿಕ ಲಕ್ಷಕ್ಕೂ ಮೀರಿ ಅರ್ಜಿಗಳು ಬಂದವು. ಒಂದು ಲಕ್ಷ ಮಂದಿ ಒಂದೇ ದಿನ ಬೇನೆ ಬಿದ್ದರೇನು? ಇಲ್ಲ. ಬೇನೆ ಇದ್ದೇ ಇತ್ತು, ಕೇಳುವವರು ಇರಲಿಲ್ಲ. ಜಪಾನದ ಕಾಡುಗಳಲ್ಲಿ ಗರಗಸದ ಯಂತ್ರ ಹಿಡಿದವರು ಸಂಘ ಕಟ್ಟಿ ಹೋರಾಡಿ, 1970ರ ಸುಮಾರಿಗೆ ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಯಂತ್ರ ಹಿಡಿಯಕೂಡದೆಂಬ ಕಟ್ಟಳೆ ಪಡೆದರು.

ಈಗ ಸ್ವಲ್ಪ ಲೆಕ್ಕ. ಮಾಸ್ತರಿಕೆಯ ಚಾಳಿ ಬಿಡದು, ಸಹಿಸಿಕೊಳ್ಳಿರಿ. ಯಂತ್ರದ ಅದುರಿಗೆ ಒಂದು ಅಳತೆ ಇದೆ. ಯುರೋಪದ ದೇಶಗಳು 2002ರಲ್ಲಿ, ಬ್ರಿಟನ್ 2005ರಲ್ಲಿ ಈ ಅಳತೆಯ ಮೇಲೆ ಕಟ್ಟಳೆ ಮಾಡಿದವು. ಎಂಟು ತಾಸಿನ ದಿನಕ್ಕೆ ಸರಾಸರಿ 2.5 ಅಂಕ ಮುಟ್ಟಿದರೆ ಮಾಲಕನು ಕ್ರಮ ಕೈಕೊಳ್ಳಬೇಕು. 5 ದಾಟಿದರೆ ಕೆಲಸ ನಿಲ್ಲಿಸಬೇಕು. ಇದರ ಅರ್ಥ ಹೀಗೆ. ಯಂತ್ರದ ಅದುರು 5 ಇದ್ದರೆ ಎರಡು ತಾಸಿಗೆ ಎಚ್ಚರಿಕೆಯ ಗೆರೆ, ಎಂಟು ತಾಸಿಗೆ ಕೊನೆಯ ಗೆರೆ. ಅದುರು 10 ಇದ್ದರೆ ಅರ್ಧ ತಾಸಿಗೆ ಎಚ್ಚರಿಕೆ, ಎರಡು ತಾಸಿಗೆ ಕೊನೆ. ಅದುರು 20 ಇದ್ದರೆ ಏಳೂವರೆ ಮಿನಿಟಿಗೆ ಎಚ್ಚರಿಕೆ, ಅರ್ಧ ತಾಸಿಗೆ ಕೊನೆ. ಅದುರು ಇಮ್ಮಡಿಯಾದರೆ ವೇಳೆ ಅರ್ಧವಾಗುವದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಒಳ್ಳೆಯ ಸ್ಥಿತಿಯ ಗ್ರೈಂಡರ್ 5ರ ಸುಮಾರಿಗೆ ಇರಬಹುದು. ಕಾಂಕ್ರೀಟ್ ಒಡೆಯುವ ಬ್ರೇಕರ್ 10ರಿಂದ 20ರ ನಡುವೆ. ಬಂಡೆ ಕೊರೆಯುವ ಜಾಕ್‌ಹ್ಯಾಮರ್ 20ಕ್ಕೂ ಮೇಲೆ ಹೋಗಬಲ್ಲದು. ಇದು ಯಂತ್ರ ನಡೆಯುವ ವೇಳೆಯ ಲೆಕ್ಕ. ಬುತ್ತಿ ಬಿಚ್ಚಿದ ವೇಳೆ, ಬಂಡೆ ಸರಿಸಿದ ವೇಳೆ ಇದರಲ್ಲಿ ಇಲ್ಲ. ಈಗ ನೀವೇ ಹೇಳಿರಿ, ನೀವು ದಿನಕ್ಕೆ ಎಷ್ಟು ತಾಸು ಹಿಡಿಯುತ್ತೀರಿ? ಮೂರು? ನಾಲ್ಕು? ಅಲ್ಲಿ ಅರ್ಧ ತಾಸಿಗೆ ಮುಗಿಯುವ ಪಾಲನ್ನು ಇಲ್ಲಿ ಒಂದೇ ದಿನ ಆರೆಂಟು ಸಲ ಉಣ್ಣುತ್ತಿದ್ದೀರಿ.

ನಮ್ಮ ಸೀಮೆ ಕಲ್ಲಿನ ಸೀಮೆ. ಬಾದಾಮಿಯ ಮೂರನೆಯ ಗವಿಯಲ್ಲಿ ಶಕ 500ರ, ಎಂದರೆ ಕ್ರಿ. ಶ. 578ರ ಶಾಸನವಿದೆ. ಆ ಗವಿಯನ್ನು ಕಡಿದವರು ಉಳಿ ಸುತ್ತಿಗೆಯ ಜನ. ಅವರಿಗೂ ಧೂಳು ಇತ್ತು, ದಣಿವು ಇತ್ತು. ಆದರೆ ಪೆಟ್ಟಿನ ವೇಗ ಅವರವರ ತೋಳಿನ ಶಕ್ತಿಗೆ ತಕ್ಕಷ್ಟೇ ಇತ್ತು. ಇಂದು ಇಳಕಲ್ಲಿನ ಕೆಂಪು ಗ್ರಾನೈಟು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಮುಂದೆ ಬಾಗಲಕೋಟೆಯ ಜನ ಊರಿನ ದೊಡ್ಡ ಭಾಗವನ್ನು ಹಿನ್ನೀರಿಗೆ ಬಿಟ್ಟುಕೊಟ್ಟು ನವನಗರ ಕಟ್ಟಿದರು. ಅಲ್ಲಿಯ ರಸ್ತೆ ಅಗೆಯುವವನು, ಫರಸಿ ಕತ್ತರಿಸುವವನು, ತಂತಿ ಹಾಯಿಸಲು ಗೋಡೆ ಕೊರೆಯುವವನು, ಇಲ್ಲಿ ಬಂಡೆಗೆ ತೂತು ಹೊಡೆಯುವವನು, ಪಾಲಿಶ್ ಕಾರಖಾನೆಯಲ್ಲಿ ಗ್ರೈಂಡರ್ ಹಿಡಿಯುವವನು, ಎಲ್ಲರ ಕೈಗೂ ಈಗ ವಿದ್ಯುತ್ತಿನ ಅಥವಾ ಗಾಳಿಯ ವೇಗ ಬಂದಿದೆ. ಯಂತ್ರ ಬೇಡವೆಂದು ನಾವು ಹೇಳುವದಿಲ್ಲ. ಸುತ್ತಿಗೆಯಿಂದ ಇಡೀ ದಿನ ಬಂಡೆ ಒಡೆಯಿರೆಂದು ಹೇಳುವವನು ಸುತ್ತಿಗೆ ಹಿಡಿಯದವನೇ ಆಗಿರಬೇಕು. ಯಂತ್ರ ಕೆಲಸವನ್ನು ತಿನ್ನಲಿ, ಕೈಯನ್ನಲ್ಲ.

ಕಾಯದೆ ಏನು ಹೇಳುತ್ತದೆ? ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾಯದೆ ಬಂತು. 1998ರ ಕೇಂದ್ರ ನಿಯಮಗಳಲ್ಲಿ 34ನೆಯದು, ಅತಿಯಾದ ಸದ್ದು ಮತ್ತು ಅದುರಿನಿಂದ ಕೆಲಸಗಾರರನ್ನು ಕಾಯುವದು ಮಾಲಕನ ಹೊಣೆ ಎಂದು ಹೇಳಿತು. ಒಳ್ಳೆಯ ಮಾತು. ಆದರೆ ಸದ್ದಿಗೆ ಅಲ್ಲಿ ಅಂಕಿಯ ಮಿತಿ ಇತ್ತು, ಅದುರಿಗೆ ಇರಲಿಲ್ಲ. ಅಳತೆಯಿಲ್ಲದ ಹೊಣೆ ತಕ್ಕಡಿಯಿಲ್ಲದ ಅಂಗಡಿಯಿದ್ದಂತೆ. ಇನ್ನು ಖಣಿಯವರಿಗೆ ಆ ಕಾಯದೆ ಅನ್ವಯವೇ ಆಗುತ್ತಿರಲಿಲ್ಲ. ಅವರದು 1952ರ ಗಣಿ ಕಾಯದೆ. ಅದೇ ಯಂತ್ರ, ಅದೇ ಕೈ. ರಸ್ತೆಯ ಮೇಲೆ ಹಿಡಿದರೆ ಒಂದು ಕಾಯದೆ, ಖಣಿಯಲ್ಲಿ ಹಿಡಿದರೆ ಇನ್ನೊಂದು! ಈಗ ಇವೆರಡನ್ನೂ ಕಾರಖಾನೆ ಕಾಯದೆಯನ್ನೂ ಕೂಡಿಸಿದ 2020ರ ಸಂಹಿತೆ 2025ರ ನವ್ಹೆಂಬರದಲ್ಲಿ ಜಾರಿಗೆ ಬಂದಿದೆ. ಅದರ ಮೂರನೆಯ ಅನುಸೂಚಿಯಲ್ಲಿ ಸರಕಾರಕ್ಕೆ ವರದಿ ಮಾಡಲೇಬೇಕಾದ 29 ರೋಗಗಳಿವೆ. ಕಲ್ಲುಧೂಳಿನ ಸಿಲಿಕೋಸಿಸ್ ಇದೆ. ಸದ್ದಿನಿಂದ ಬರುವ ಕಿವುಡು ಇದೆ. ಅದುರಿನಿಂದ ಕೆಡುವ ಕೈ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2010ರ ಪಟ್ಟಿಯಲ್ಲಿ ಅದು ಇದೆ. ನಮ್ಮ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿಲ್ಲದ ರೋಗವನ್ನು ಡಾಕ್ಟರರು ಬರೆಯುವದಿಲ್ಲ. ಬರೆಯದ ರೋಗವನ್ನು ಸರಕಾರ ಎಣಿಸುವದಿಲ್ಲ. ಎಣಿಸದ ರೋಗಕ್ಕೆ ಪರಿಹಾರವಿಲ್ಲ. ಆಮೇಲೆ "ನಮ್ಮ ಜಿಲ್ಲೆಯಲ್ಲಿ ಇಂಥ ರೋಗಿಗಳೇ ಇಲ್ಲ" ಎಂದು ಕಾಗದ ಹೇಳುತ್ತದೆ.

ಹಾಗಾದರೆ ಮಾಡುವದೇನು? ಕೆಲಸಗಾರರ ಕೈಯಲ್ಲಿರುವದನ್ನು ಮೊದಲು ಹೇಳುತ್ತೇವೆ.

ಯಂತ್ರವನ್ನು ಬಿಗಿಹಿಡಿದು ಒತ್ತಬೇಡಿರಿ. ಬಿಗಿದಷ್ಟೂ ಅದುರು ಕೈಗೆ ಹೆಚ್ಚು ಏರುತ್ತದೆ. ಯಂತ್ರ ಜಾರದಷ್ಟು ಹಿಡಿತ ಸಾಕು. ಮೊನೆ ಮೊಂಡಾದ ರಾಡು, ಸವೆದ ಚಕ್ರ, ಸಡಿಲಾದ ಹಿಡಿಕೆ ಇವು ಅದುರನ್ನು ಹೆಚ್ಚಿಸುತ್ತವೆ. ಹರಿತ ಮಾಡಿಸದ ಹೊರತು ಮುಟ್ಟಬೇಡಿರಿ. ಸುರುವಿನಲ್ಲಿ ರಾಡನ್ನು ಕೈಯಿಂದ ಹಿಡಿಯಬೇಡಿರಿ. ಒಂದೇ ಸಮ ಹಿಡಿಯದೆ ನಡುನಡುವೆ ಬಿಡಿರಿ. ಕೈ ಬೆಚ್ಚಗಿರಲಿ, ಧೂಳು ಅಡಗಿಸಲು ನೀರು ಹಾಯಿಸುವದು ಎದೆಗೆ ಒಳ್ಳೆಯದು, ಅದನ್ನು ಬಿಡಕೂಡದು, ಆದರೆ ತೊಯ್ದ ಕೈಯನ್ನು ಒರೆಸಿಕೊಳ್ಳಿರಿ. ಕೈಚೀಲ ಹಾಕಿಕೊಳ್ಳಿರಿ, ಬಿಸುಪಿಗೆ ಮತ್ತು ಗಾಯವಾಗದಿರಲು; ಅದು ಅದುರನ್ನು ತಡೆಯುತ್ತದೆಂದು ಮಾತ್ರ ನಂಬಬೇಡಿರಿ. "ಕೈಚೀಲ ಕೊಟ್ಟೆವಲ್ಲ" ಎಂಬ ಮಾತಿಗೂ ಮರುಳಾಗಬೇಡಿರಿ. ಇನ್ನು ಬೀಡಿ. ಅದು ನೆತ್ತರ ನಾಳವನ್ನು ಬಿಗಿಯುತ್ತದೆ. ದಣಿವಿಗೆ ಒಂದು ಬೀಡಿ ಎನ್ನುತ್ತೀರಿ. ಮೊದಲೇ ಬಿಗಿದ ನಾಳಕ್ಕೆ ಅದು ಇನ್ನೊಂದು ಗಂಟು.

ರಾತ್ರಿ ಜೋಮಿನಿಂದ ಎಚ್ಚರವಾದರೆ, ಯಂತ್ರ ಬಿಟ್ಟ ಮೇಲೂ ಜೋಮು ಇಳಿಯದಿದ್ದರೆ, ನಾಣ್ಯ ಎತ್ತಲು ಗುಂಡಿ ಹಾಕಲು ತಡವಾಗತೊಡಗಿದರೆ, ದವಾಖಾನೆಗೆ ಹೋಗಿರಿ. ಹೋಗಿ ಬರೇ "ಕೈ ನೋವು" ಎನ್ನಬೇಡಿರಿ. "ಅದುರುವ ಯಂತ್ರ ಹಿಡಿಯುತ್ತೇನೆ, ಇಷ್ಟು ವರ್ಷದಿಂದ, ದಿನಕ್ಕೆ ಇಷ್ಟು ತಾಸು" ಎಂದು ಹೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿರಿ. ಸುರುವಿನಲ್ಲೇ ಯಂತ್ರ ಬಿಟ್ಟವನ ಕೈ ಸುಧಾರಿಸಬಹುದು. ನರ ಪೂರಾ ಕೆಟ್ಟ ಮೇಲೆ ಯಾವ ಎಣ್ಣೆಯೂ ಅದನ್ನು ಮರಳಿ ತರದು.

ಇಷ್ಟು ಹೇಳಿದೊಡನೆ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬರುತ್ತದೆಂದು ಬಲ್ಲೆವು. ಖಣಿಯಲ್ಲಿ ನಾವು ಈ ಮಾತು ಎತ್ತಿದಾಗ ಒಬ್ಬ ಹಿರಿಯರು ನೇರವಾಗಿ ಕೇಳಿದರು: "ಮಾಸ್ತರ್ರ, ಅಡಿ ಲೆಕ್ಕದಾಗ ಕೂಲಿ ಐತ್ರಿ. ಕೈ ಬಿಟ್ಟು ಕುಂತ್ರ ಅಡಿ ಯಾರ್ ಹೊಡೀತಾರ್ರೀ?" ಅವರ ಮಾತು ನ್ಯಾಯವಾದದ್ದು. ತೂತಿನ ಅಡಿಗೆ ಇಷ್ಟು ಎಂದು ಕೂಲಿ ಕಟ್ಟಿದವನು ಬಾಯಿಂದ "ವಿಶ್ರಾಂತಿ ತೆಗೆದುಕೋ" ಎಂದರೂ ಲೆಕ್ಕದ ಪುಸ್ತಕ "ಹೊಡಿ" ಎನ್ನುತ್ತದೆ. ಉಪದೇಶದಿಂದ ಇದು ಸರಿಹೋಗುವದಿಲ್ಲ. ಕೂಲಿಯ ರೀತಿಯೇ ಬದಲಾಗಬೇಕು. ಒಂದು ಯಂತ್ರಕ್ಕೆ ಒಬ್ಬನಲ್ಲ, ಒಂದು ತಂಡ ಇರಲಿ. ಗುರುತು ಹಾಕುವದು, ಬೆಣೆ ಬಡಿಯುವದು, ಕಲ್ಲು ಸರಿಸುವದು, ತೂತು ಹೊಡೆಯುವದು ಇವು ತಂಡದಲ್ಲಿ ಪಾಳಿಯಿಂದ ತಿರುಗಲಿ. ಅಡಿಯ ಕೂಲಿ ತಂಡಕ್ಕೆಲ್ಲ ಸಮನಾಗಿ ಹಂಚಲಿ. ಜೊತೆಗೆ ದಿನಕ್ಕೆ ಇಷ್ಟು ಎಂಬ ಸ್ಥಿರ ಪಗಾರ ಕೆಳಗೆ ಇರಲಿ.

ಆದರೆ ಸುಳ್ಳು ಆಸೆ ಹಚ್ಚಲಾರೆವು. ಪಾಳಿಯೊಂದೇ ಸಾಲದು. ಅದುರು 20 ಇರುವ ಯಂತ್ರವನ್ನು ದಿನಕ್ಕೆ ನಾಲ್ಕು ತಾಸು ನಡೆಸಬೇಕಾದರೆ, ಕೊನೆಯ ಗೆರೆ ದಾಟದಿರಲು ಎಂಟು ಮಂದಿ ಬೇಕು. ನಾಲ್ಕು ಮಂದಿಯ ತಂಡಕ್ಕೆ ಅದು ನಿಲುಕದು. ಆದ್ದರಿಂದ ಕೈಯಲ್ಲಿ ಹಿಡಿಯುವ ಯಂತ್ರವೇ ಕಡಿಮೆಯಾಗಬೇಕು. ಚೌಕಟ್ಟಿನ ಮೇಲೆ ಕೂಡಿಸಿ ದೂರದಿಂದ ನಡೆಸುವ ಕೊರೆಯಂತ್ರಗಳಿವೆ. ಬಂಡೆಯನ್ನು ಬೆಣ್ಣೆಯಂತೆ ಕೊಯ್ಯುವ ವಜ್ರದ ತಂತಿಯ ಗರಗಸಗಳಿವೆ. ದೊಡ್ಡ ಖಣಿಗಳು ಅವನ್ನು ಬಳಸುತ್ತಲೂ ಇವೆ. ಅವುಗಳಿಂದ ಕಲ್ಲು ಕೆಡುವದು ಕಡಿಮೆ ಎಂದು ತಂದರು. ಕಲ್ಲು ಕೆಡದಿರಲೆಂದು ಯಂತ್ರ ತರಲು ಬರುವದಾದರೆ ಕೈ ಕೆಡದಿರಲೆಂದು ತರಲು ಯಾಕೆ ಬರಬಾರದು? ಚಿಕ್ಕ ಖಣಿಯವರಿಗೆ ಒಬ್ಬೊಬ್ಬರಿಗೆ ಕೊಳ್ಳುವ ಶಕ್ತಿ ಇಲ್ಲ ಎನ್ನುವಿರಿ, ನಿಜ. ಐದಾರು ಮಂದಿ ಕೂಡಿ ಸಹಕಾರದಿಂದ ಕೊಳ್ಳಲಿ, ಸರಕಾರ ಸಾಲ ಕೊಡಲಿ. ಕಲ್ಲಿನ ರಾಜಧನವನ್ನು ಸರಕಾರ ಅಳೆದು ತೂಗಿ ಪಡೆಯುತ್ತದೆ. ಅದರಲ್ಲಿ ಕಲ್ಲು ತೆಗೆದ ಕೈಗೂ ಪಾಲು ಸಲ್ಲಬೇಕು.

ಅಂಗಡಿಕಾರ ಬಂಧುಗಳೆ, ಇದು ನಿಮಗೆ ಸಂಬಂಧಿಸದ ಮಾತೆಂದು ತಿಳಿಯಬೇಡಿರಿ. ಬ್ರೇಕರ್, ಗ್ರೈಂಡರ್ ಮಾರುವವರು ನೀವು, ಬಾಡಿಗೆಗೆ ಕೊಡುವವರೂ ನೀವು. ಯುರೋಪದ ಪೇಟೆಗೂ ಹೋಗುವ ಕಂಪನಿಗಳು ಯಂತ್ರದ ಪುಸ್ತಿಕೆಯಲ್ಲಿ ಅದುರಿನ ಅಂಕಿಯನ್ನು ಅಚ್ಚುಹಾಕಲೇಬೇಕು. ಆ ಪುಸ್ತಿಕೆಯನ್ನು ಗಲ್ಲೆಯ ಕೆಳಗೆ ಒಗೆಯದೆ ಆ ಒಂದು ಅಂಕಿಯನ್ನು ಗಿರಾಕಿಗೆ ತೋರಿಸಿರಿ. ಕೆಲಸದ ಜಾಗದಲ್ಲಿ ಅದುರು ಅದಕ್ಕಿಂತ ಹೆಚ್ಚೇ ಇರಬಹುದೆಂದೂ ಹೇಳಿರಿ. ಪುಸ್ತಿಕೆಯೇ ಇಲ್ಲದ ಅಗ್ಗದ ಮಾಲು ತರುವ ಮುನ್ನ ಎರಡು ಸಲ ವಿಚಾರ ಮಾಡಿರಿ. ಬಾಡಿಗೆಯ ಯಂತ್ರಕ್ಕೆ ಹರಿತವಾದ ಮೊನೆ ಹಾಕಿ ಕಳಿಸಿರಿ. ಇದರಲ್ಲಿ ನಿಮ್ಮ ಹಿತವೂ ಇದೆ. ನಿಮ್ಮ ಉದ್ರಿ ಖಾತೆ ತೆರೆದು ನೋಡಿರಿ. ಆ ಖಾತೆಯ ಬಾಕಿ ಯಾವ ಕೈಯಿಂದ ತೀರಬೇಕು? ನಲವತ್ತು ವರ್ಷಕ್ಕೆ ಕೈ ಸೋತವನ ಬಾಕಿಯನ್ನು ಅವನ ಮಗ ಸಾಲಿ ಬಿಟ್ಟು ತೀರಿಸಬೇಕು. ಆ ಮಗ ನಮ್ಮ ವರ್ಗದಲ್ಲಿ ಕೂತಿದ್ದ ಹುಡುಗ.

ಗಿರಣಿಯವರೆ, ನೀವೂ ದೂರ ನಿಲ್ಲಬೇಡಿರಿ. ನಿಮ್ಮಲ್ಲಿ ಯಂತ್ರ ದುರಸ್ತಿಯ ಫಿಟ್ಟರರು ಗ್ರೈಂಡರ್ ಹಿಡಿಯುತ್ತಾರೆ. ಅದಕ್ಕಿಂತ ದೊಡ್ಡ ಮಾತು: ನಿಮಗೆ ಸಂಘ ಕಟ್ಟುವ ರೂಢಿ ಇದೆ, ಖಣಿಯವರಿಗೆ ಮತ್ತು ಗೌಂಡಿಗಳಿಗೆ ಇಲ್ಲ. ಇಂದು ಈ ಗುತ್ತಿಗೆ, ನಾಳೆ ಆ ಗುತ್ತಿಗೆ ಎಂದು ಚದರಿದವರನ್ನು ಕೂಡಿಸಲು ನಿಮ್ಮ ನೆರವು ಬೇಕು.

ನಮ್ಮ ಬೇಡಿಕೆಗಳು ನಾಲ್ಕೇ. ಒಂದು, ಅದುರಿನಿಂದ ಕೆಡುವ ಕೈಯನ್ನು ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಬೇಕು. ಎರಡು, ಅದುರಿಗೆ ಅಂಕಿಯ ಮಿತಿ ಹಾಕಬೇಕು. ಮೂರು, ಯಂತ್ರ ಹಿಡಿಯುವವರ ಕೈಯನ್ನು ವರ್ಷಕ್ಕೊಮ್ಮೆ ಪುಕ್ಕಟೆ ಪರೀಕ್ಷಿಸಬೇಕು. ಇದಕ್ಕೆ ದೊಡ್ಡ ಸಲಕರಣೆ ಬೇಡ, ವಿಚಾರಿಸುವ ಮನಸ್ಸಿದ್ದರೆ ಸುರುಮಾಡಬಹುದು. ನಾಲ್ಕು, ಕೈ ಸೋತವನನ್ನು ಹೊರಗೆ ಹಾಕದೆ, ಅದೇ ಕೂಲಿಯ ಮೇಲೆ ಬೇರೆ ಕೆಲಸ ಕೊಡಬೇಕು. ಈ ನಾಲ್ಕನೆಯದು ಇಲ್ಲದಿದ್ದರೆ ಮೊದಲಿನ ಮೂರೂ ವ್ಯರ್ಥ. ರೋಗ ಹೇಳಿದರೆ ಕೆಲಸ ಹೋಗುವದೆಂದು ಅಂಜಿದವನು ಡಾಕ್ಟರರ ಮುಂದೆ ಕೈಯನ್ನು ಬೆನ್ನ ಹಿಂದೆ ಬಚ್ಚಿಡುತ್ತಾನೆ.

ಈ ಬೇಡಿಕೆಗೆ ಬಲ ಬರುವದು ಎಣಿಕೆಯಿಂದ. ಆದ್ದರಿಂದ ಇಂದೇ ಒಂದು ಕೆಲಸ ಸುರುಮಾಡೋಣ. ಬಾಗಿಲ ಬಳಿ ಇಟ್ಟ ವಹಿಯಲ್ಲಿ ಪ್ರತಿಯೊಬ್ಬ ಯಂತ್ರ ಹಿಡಿಯುವವನೂ ತಾನು ಹಿಡಿಯುವ ಯಂತ್ರ, ಹಿಡಿದ ವರ್ಷ, ದಿನದ ತಾಸು, ಕೈಯ ಸ್ಥಿತಿ ಈ ನಾಲ್ಕನ್ನು ಬರೆಸಲಿ. ಹೆಸರು ಬೇಡ, ಗುರುತಿನ ಅಂಕಿ ಸಾಕು. ಬಾಗಲಕೋಟೆ, ಬಾದಾಮಿ, ಹುನಗುಂದಗಳಲ್ಲಿಯೂ ಇಂಥದೇ ವಹಿ ಇಡುವೆವು. ಸರಕಾರದ ಕಾಗದ ರೋಗಿಗಳೇ ಇಲ್ಲ ಎಂದಾಗ ನಮ್ಮ ವಹಿ ಅದರ ಮುಂದೆ ಇರಲಿ.

ಸುರುವಿನಲ್ಲಿ ಹೇಳಿದ ನೇಕಾರರ ಮಗ ಇಂದು ಸಭೆಗೆ ಬಂದಿದ್ದಾನೆ. ಅವನ ಕೈಗೆ ಕೊಂಡಿ ಹಾಕುವ ಹದ ಪೂರಾ ಮರಳೀತೆಂದು ನಾವು ಹೇಳಲಾರೆವು. ಅವನ ತಮ್ಮನೂ ಬಂದಿದ್ದಾನೆ. ಇಪ್ಪತ್ತು ವರ್ಷದವನು, ಖಣಿಗೆ ಹೋಗತೊಡಗಿ ಎಂಟು ತಿಂಗಳಾಯಿತು. ನಾಣ್ಯವನ್ನು ಒಂದೇ ಏಟಿಗೆ ಎತ್ತಿದ್ದನ್ನು ಈಗಲೇ ನೋಡಿದೆವು. ಹನ್ನೆರಡು ವರ್ಷದ ಮೇಲೂ ಅವನು ಹಾಗೆಯೇ ಎತ್ತಬೇಕು.

ವಹಿ ಬಾಗಿಲ ಬಳಿ ಇದೆ. ಬರೆಯಲು ಬೆರಳು ಆಡದವರದನ್ನು ನಾವು ಬರೆದುಕೊಳ್ಳುತ್ತೇವೆ.